ಪಾಠ ಮುಗಿದ ಮೇಲಿನ ಅರ್ಧ ಗಂಟೆ

ಸಂಪಾದಕರಿಗೆ,

ಮಾನ್ಯರೇ,

ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳು ಅಭ್ಯಾಸ ಪಾಠಕ್ಕೆಂದು ಶಾಲೆಗೆ ಬಂದರೆ ಮಕ್ಕಳ ಕಲಿಕೆ ಹಿಂದೆ ಬೀಳುತ್ತದೆ ಎಂಬ ಮಾತನ್ನು ಪೋಷಕರೂ ಆಡುತ್ತಾರೆ, ಕೆಲವು ಅನುಭವಿ ಶಿಕ್ಷಕರೂ ಆಡುತ್ತಾರೆ. ಮೂರನೆಯ ತರಗತಿಯೊಂದರಲ್ಲಿ ಬೋಧನಾಭ್ಯಾಸದ ಕೊನೆಯ ಹಂತದಲ್ಲಿರುವ ನಾನು ಆ ಆತಂಕವನ್ನು ತಳ್ಳಿಹಾಕಲಾರೆ. ಎಂಟು ವರ್ಷದ ಮಗುವಿಗೆ ಈ ವರ್ಷ ಮತ್ತೆ ಬರುವುದಿಲ್ಲ. ಆದರೆ ಹೊಸಬರ ಪಾಠ ಕೆಟ್ಟರೆ ಕೆಟ್ಟೇ ಉಳಿಯುತ್ತದೆಯೋ ಸುಧಾರಿಸುತ್ತದೆಯೋ ಎಂಬುದು ತೀರ್ಮಾನವಾಗುವುದು ಪಾಠ ಮುಗಿದ ಮೇಲೆ, ಮಾರ್ಗದರ್ಶಿ ಶಿಕ್ಷಕಿಯ ಜೊತೆ ಕುಳಿತು ಮಾತನಾಡುವ ಅರ್ಧ ಗಂಟೆಯಲ್ಲಿ. ಆ ಅರ್ಧ ಗಂಟೆಗೆ ವೇಳಾಪಟ್ಟಿಯಲ್ಲಿ ಜಾಗವೇ ಇಲ್ಲ. ಈ ಪತ್ರ ಅದನ್ನು ಕೇಳುವುದಕ್ಕಾಗಿ.

ನನ್ನ ಮಾರ್ಗದರ್ಶಿ ಶಿಕ್ಷಕಿ ಮೊದಲ ವಾರ ನನ್ನನ್ನು ಪಾಠಕ್ಕೆ ನಿಲ್ಲಿಸಲಿಲ್ಲ. ತರಗತಿಯ ಹಿಂಭಾಗದಲ್ಲಿ ಕೂರಿಸಿ, "ನನ್ನನ್ನು ನೋಡಬೇಡಿ. ಕಿಟಕಿಯ ಪಕ್ಕದ ಆ ಹುಡುಗಿಯನ್ನು ನೋಡಿ. ಅವಧಿ ಮುಗಿಯುವವರೆಗೆ ಅವಳೊಬ್ಬಳನ್ನೇ" ಎಂದರು. ಹಾಗೆಯೇ ನೋಡಿದೆ. ಎಲ್ಲರೂ ಒಟ್ಟಾಗಿ ಓದುವಾಗ ಅವಳ ತುಟಿ ಉಳಿದವರಿಗಿಂತ ಒಂದು ಪದ ಹಿಂದೆ ಅಲ್ಲಾಡುತ್ತಿತ್ತು. ಪ್ರಶ್ನೆ ಕೇಳಿದಾಗ ಅರ್ಧ ತರಗತಿ ಕೈ ಎತ್ತಿದ ಮೇಲೆಯೇ ಅವಳ ಕೈ ಮೇಲೇಳುತ್ತಿತ್ತು, ಅಷ್ಟು ಜನರ ನಡುವೆ ತನ್ನ ಹೆಸರು ಬರಲಾರದೆಂಬ ಲೆಕ್ಕದಲ್ಲಿ. ಪುಸ್ತಕ ಮಾತ್ರ ಬಹಳ ಅಚ್ಚುಕಟ್ಟು, ಬರವಣಿಗೆ ದುಂಡಗೆ. ಪುಸ್ತಕ ತಿದ್ದುವುದರಿಂದ ಮಾತ್ರ ಆ ಮಗುವನ್ನು ಬಲ್ಲವರು ಅವಳಿಗೆ ಏನೂ ತೊಂದರೆಯಿಲ್ಲವೆಂದೇ ಹೇಳುತ್ತಿದ್ದರು.

ಶಾಲೆ ಮುಗಿಸುವಷ್ಟರಲ್ಲಿ ಒಬ್ಬ ವಿದ್ಯಾರ್ಥಿ ಸುಮಾರು 13,000 ಗಂಟೆಗಳನ್ನು ಶಿಕ್ಷಕರ ಎದುರು ಕಳೆದಿರುತ್ತಾನೆ ಎಂದು ಅಮೆರಿಕದ ಸಮಾಜಶಾಸ್ತ್ರಜ್ಞ ಡ್ಯಾನ್ ಲಾರ್ಟಿ 1975ರಲ್ಲಿ ಬರೆದರು. ಆದ್ದರಿಂದಲೇ ಪಾಠ ಮಾಡುವುದು ತಮಗೆ ಗೊತ್ತಿರುವ ಕೆಲಸವೆಂಬ ಭಾವನೆಯೊಂದಿಗೆ ಜನ ಈ ವೃತ್ತಿಗೆ ಬರುತ್ತಾರೆ. ಆದರೆ ಬೆಂಚಿನಲ್ಲಿ ಕುಳಿತವರಿಗೆ ಶಿಕ್ಷಕರ ಮಾತು ಕೇಳಿಸುತ್ತದೆ, ಅವರ ಯೋಚನೆ ಕಾಣಿಸುವುದಿಲ್ಲ. ಈಗ ಯಾರನ್ನು ಕೇಳಬೇಕು, ಯಾರನ್ನು ಇನ್ನೊಂದು ನಿಮಿಷ ಬಿಡಬೇಕು, ಯಾವ ಉದಾಹರಣೆಯನ್ನು ಇವತ್ತಿಗೆ ಕೈಬಿಡಬೇಕು ಎಂಬುದನ್ನೆಲ್ಲ ಅವರು ಮನಸ್ಸಿನಲ್ಲೇ ನಿರ್ಧರಿಸುತ್ತಾರೆ. ಅದು ಹೊಸಬರಿಗೆ ತಿಳಿಯಬೇಕಾದರೆ ಯಾರಾದರೂ ಬಾಯಿಬಿಟ್ಟು ಹೇಳಬೇಕು. ಹೇಳಲು ಸಮಯ ಬೇಕು.

ಒಂದು ಲೆಕ್ಕದ ಕಥೆ ಹೇಳುತ್ತೇನೆ. ದಶಕ ತೆಗೆದುಕೊಂಡು ಕಳೆಯುವ ಪಾಠದಲ್ಲಿ 52ರಿಂದ 27 ಕಳೆಯಲು ಕೊಟ್ಟಾಗ ಹಲವು ಮಕ್ಕಳು 35 ಎಂದು ಬರೆದಿದ್ದರು. ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದು "ಗಮನವಿಟ್ಟು ಮಾಡು" ಎಂದು ಬರೆಯುವುದು ಸುಲಭ, ಅನೇಕ ಕಡೆ ಅಷ್ಟೇ ನಡೆಯುತ್ತದೆ. ಸಂಜೆ ಮಾರ್ಗದರ್ಶಿ ಶಿಕ್ಷಕಿ ಪುಸ್ತಕಗಳನ್ನು ಮೇಜಿನ ಮೇಲೆ ಹರಡಿ, "ಇಷ್ಟೊಂದು ಮಕ್ಕಳು ಒಂದೇ ತಪ್ಪು ಉತ್ತರಕ್ಕೆ ಬಂದಿದ್ದಾರೆ ಎಂದರೆ ಅವರೆಲ್ಲ ಒಂದೇ ದಾರಿಯಲ್ಲಿ ಹೋಗಿದ್ದಾರೆ. ಆ ದಾರಿ ಯಾವುದು?" ಎಂದು ಕೇಳಿದರು. ಮಕ್ಕಳು 7ರಿಂದ 2 ಕಳೆದಿದ್ದರು, 5ರಿಂದ 2 ಕಳೆದಿದ್ದರು. ಪ್ರತಿ ಸ್ಥಾನದಲ್ಲೂ ದೊಡ್ಡದರಿಂದ ಚಿಕ್ಕದನ್ನು ಕಳೆದಿದ್ದರು. ಹಿಂದಿನ ತರಗತಿಗಳಲ್ಲಿ ಅವರು ಕೇಳಿ ಬಂದ ನಿಯಮವೂ ಅದೇ. ಗಮನ ಕಡಿಮೆಯಾಗಿರಲಿಲ್ಲ, ನಿಯಮವನ್ನು ನಂಬಿ ಕೊನೆಯವರೆಗೂ ಪಾಲಿಸಿದ್ದರು.

ಮರುದಿನ ಕಪ್ಪುಹಲಗೆಯ ಬದಲು ಕಡ್ಡಿಗಳಿಂದ ಆರಂಭಿಸಿದೆ. ಪ್ರತಿ ಗುಂಪಿಗೆ ಹತ್ತರ ಐದು ಕಟ್ಟು, ಎರಡು ಬಿಡಿ ಕಡ್ಡಿ. ಅದರಲ್ಲಿ 27 ಕಡ್ಡಿಗಳನ್ನು ಪಕ್ಕದ ಗುಂಪಿಗೆ ಕೊಡಬೇಕು. ಎರಡು ಕಟ್ಟು ಕೊಟ್ಟರು, ಎರಡು ಬಿಡಿ ಕಡ್ಡಿ ಕೊಟ್ಟರು, ನಿಂತರು. ಇನ್ನೂ ಐದು ಬೇಕು, ಕೈಯಲ್ಲಿರುವುದೆಲ್ಲ ಕಟ್ಟುಗಳೇ. ತುಸು ಹೊತ್ತಿನ ಗದ್ದಲದ ನಂತರ ಒಬ್ಬ ಹುಡುಗ, "ಟೀಚರ್, ಕಟ್ಟು ಬಿಚ್ಚಬಹುದೇ?" ಎಂದು ಕೇಳಿದ. ಬಿಚ್ಚಿದ ಮೇಲೆ 5ನ್ನು ಹೊಡೆದು 4 ಎಂದೂ ಬಿಡಿಯ ಜಾಗದಲ್ಲಿ 12 ಎಂದೂ ಬರೆಯುವುದಕ್ಕೆ ಹೆಚ್ಚು ವಿವರಣೆ ಬೇಕಾಗಲಿಲ್ಲ. ಹಿಂದಿನ ದಿನದ 35ಕ್ಕೆ 27 ಕೂಡಿಸಿ ನೋಡಲು ಹೇಳಿದೆ. 62 ಬಂತು. "ನಮ್ಮ ಹತ್ತಿರ ಇದ್ದದ್ದೇ 52 ಅಲ್ಲವೇ!" ಎಂದು ಅವರೇ ಹೇಳಿದರು. ಈ ಪಾಠ ನನ್ನ ಪಾಠಯೋಜನೆಯಲ್ಲಿ ಇರಲಿಲ್ಲ. ಅದು ಹುಟ್ಟಿದ್ದು ಹಿಂದಿನ ಸಂಜೆ, ಆ ಮೇಜಿನ ಬಳಿ.

ಇನ್ನೊಂದು ಸಂಜೆ ಮಾರ್ಗದರ್ಶಿ ಶಿಕ್ಷಕಿ ಮಾತನಾಡಿದ್ದು ಮೌನದ ಬಗ್ಗೆ. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ನಿಧಾನವಾಗಿ ಮೂರು ಎಣಿಸಬೇಕು, ಆಮೇಲೆ ಹೆಸರು ಹೇಳಬೇಕು ಎಂದರು. ಮೇರಿ ಬಡ್ ರೋ ಎಂಬ ವಿಜ್ಞಾನ ಶಿಕ್ಷಣ ತಜ್ಞೆ 1970ರ ದಶಕದಲ್ಲಿ ಇದನ್ನೇ ಅಳೆದು ತೋರಿಸಿದ್ದರು. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟೇ ಕಾಯುತ್ತಾರೆ. ಮೂರು ಸೆಕೆಂಡು ಅಥವಾ ಹೆಚ್ಚು ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತದೆ, ಸುಮ್ಮನಿರುವವರೂ ಬಾಯಿಬಿಡುತ್ತಾರೆ. ಕಿವಿಗೆ ಇದು ಸಣ್ಣ ಸಲಹೆ. ತರಗತಿಯ ಮುಂದೆ ನಿಂತವರಿಗೆ ಆ ಮೂರು ಸೆಕೆಂಡುಗಳು ಬಹಳ ದೀರ್ಘ, ತಡೆದುಕೊಳ್ಳುವುದಕ್ಕೆ ಅಭ್ಯಾಸವೇ ಬೇಕು. ಕಿಟಕಿಯ ಪಕ್ಕದ ಹುಡುಗಿ ನನ್ನ ಪಾಠದಲ್ಲಿ ಮೊದಲು ಉತ್ತರಿಸಿದ್ದು ಅಂಥದೊಂದು ಬಿಡುವಿನಲ್ಲಿ. "ಅರ್ಥವಾಯಿತೇ?" ಎಂಬ ಪ್ರಶ್ನೆಯನ್ನಂತೂ ನನ್ನ ಮಾರ್ಗದರ್ಶಿ ಶಿಕ್ಷಕಿ ಕೈಬಿಡಲು ಹೇಳಿದರು. ಅದಕ್ಕೆ ಮಕ್ಕಳಿಂದ ಬರುವ ಉತ್ತರ ಒಂದೇ, "ಅರ್ಥವಾಯಿತು ಟೀಚರ್" ಎಂಬ ಸಾಮೂಹಿಕ ರಾಗ. ಅದರ ಬದಲು ಒಂದು ಸಣ್ಣ ಕೆಲಸ ಕೊಟ್ಟು ಸಾಲುಗಳ ನಡುವೆ ಓಡಾಡಿದರೆ ಯಾರಿಗೆ ಅರ್ಥವಾಗಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಕಡ್ಡಿಗಳನ್ನು ಹಂಚುವ ಮೊದಲೇ ಸೂಚನೆ ಕೊಡಬೇಕೆಂಬುದನ್ನೂ ಅವರೇ ಹೇಳಿಕೊಟ್ಟರು. ವಸ್ತು ಕೈಗೆ ಬಂದ ಮೇಲೆ ಮಕ್ಕಳ ಕಿವಿ ನಮ್ಮದಲ್ಲ.

ಗಮನಿಸಿ, ಅವರು ಒಮ್ಮೆಯೂ "ನಿಮ್ಮ ಪಾಠ ಚೆನ್ನಾಗಿತ್ತು" ಎಂದಾಗಲಿ "ಚೆನ್ನಾಗಿರಲಿಲ್ಲ" ಎಂದಾಗಲಿ ಮಾತು ಶುರು ಮಾಡಲಿಲ್ಲ. ಪ್ರತಿ ಸಲವೂ ಅವರ ಮೊದಲ ಪ್ರಶ್ನೆ, "ಇವತ್ತು ಯಾರು ಏನು ಕಲಿತರು? ನಿಮಗೆ ಹೇಗೆ ಗೊತ್ತಾಯಿತು?" ಹೊಸ ಶಿಕ್ಷಕರ ಚಿಂತೆ ಮೊದಲು ತಮ್ಮ ಬಗ್ಗೆಯೇ ಇರುತ್ತದೆ, ಆಮೇಲೆ ಪಾಠದ ಕೆಲಸದ ಕಡೆಗೆ, ಕೊನೆಗೆ ಮಕ್ಕಳ ಕಲಿಕೆಯ ಕಡೆಗೆ ಹೊರಳುತ್ತದೆ ಎಂದು ಫ್ರಾನ್ಸಿಸ್ ಫುಲ್ಲರ್ ಎಂಬ ಸಂಶೋಧಕಿ 1969ರಿಂದ ವಿವರಿಸುತ್ತ ಬಂದರು. ಈ ಕ್ರಮ ಎಲ್ಲರಲ್ಲೂ ಹೀಗೆಯೇ ಇರಬೇಕೆಂದಿಲ್ಲ. ಆದರೆ ಆ ಹೊರಳುವಿಕೆ ತಾನಾಗಿ ಆಗುತ್ತದೆಂದು ನಾನು ಒಪ್ಪುವುದಿಲ್ಲ. ಪ್ರತಿದಿನ ಮಕ್ಕಳ ಬಗ್ಗೆಯೇ ಕೇಳುವವರೊಬ್ಬರು ಪಕ್ಕದಲ್ಲಿದ್ದರೆ ನಾಳೆ ಆ ಪ್ರಶ್ನೆಗೆ ಉತ್ತರ ಕೊಡಲೆಂದೇ ನಾವು ಮಕ್ಕಳನ್ನು ನೋಡಲು ತೊಡಗುತ್ತೇವೆ. ನನ್ನ ದನಿ, ನನ್ನ ಅಕ್ಷರ, ನಾನು ನಿಂತ ರೀತಿ ಎಂಬ ಚಿಂತೆ ಆಗ ತಾನಾಗಿ ಹಿಂದೆ ಸರಿಯುತ್ತದೆ.

ಇಂಥ ಮಾರ್ಗದರ್ಶನ ನನಗೆ ಸಿಕ್ಕಿದ್ದು ಅದೃಷ್ಟದಿಂದ. ಅದು ಅದೃಷ್ಟದ ಮಾತಾಗಿರುವುದೇ ನನ್ನ ಬೇಸರ. ಬೇರೊಂದು ಶಾಲೆಗೆ ಹೋದ ನನ್ನ ಸಹಪಾಠಿಗೆ ಮಾರ್ಗದರ್ಶಿ ಶಿಕ್ಷಕರ ಮುಖ ಕಾಣುತ್ತಿದ್ದುದೇ ಅಪರೂಪ. ಅವಳು ತರಗತಿಗೆ ಹೋದೊಡನೆ ಅವರನ್ನು ಗೈರುಹಾಜರಾದ ಮತ್ತೊಬ್ಬ ಶಿಕ್ಷಕರ ತರಗತಿಗೆ ಕಳುಹಿಸಲಾಗುತ್ತಿತ್ತು, ಇಲ್ಲವೇ ದಾಖಲೆ ತುಂಬುವ ಕೆಲಸಕ್ಕೆ ಕೂರಿಸಲಾಗುತ್ತಿತ್ತು. ಆ ಶಿಕ್ಷಕರನ್ನು ನಾನು ದೂರುವುದಿಲ್ಲ. ಹೊಸಬಳೊಬ್ಬಳು ಬಂದಳೆಂದರೆ ಒಂದು ಕೈ ಬಿಡುವಾಯಿತೆಂದು ಶಾಲೆ ಲೆಕ್ಕ ಹಾಕುತ್ತದೆ. ನಿಜವಾಗಿ ಒಂದು ಕೆಲಸ ಹೆಚ್ಚಾಗಿರುತ್ತದೆ. ಪಾಠ ಕೆಡುತ್ತದೆಂದು ಪೋಷಕರು ದೂರುವುದು ಬಹುಪಾಲು ಇಂಥ ತರಗತಿಗಳನ್ನೇ ಇರಬೇಕು, ಅವರ ದೂರಿನಲ್ಲಿ ಹುರುಳಿದೆ. ಇಬ್ಬರೂ ಒಳಗಿದ್ದರೆ ಕಥೆಯೇ ಬೇರೆ. ನಾನು ಪಾಠ ಮಾಡುವಾಗ ನನ್ನ ಮಾರ್ಗದರ್ಶಿ ಶಿಕ್ಷಕಿ ಓದಲು ತಡವರಿಸುವ ಮಕ್ಕಳ ನಡುವೆ ಕೂರುತ್ತಾರೆ, ಅವರು ಪಾಠ ಮಾಡುವಾಗ ನಾನು ಕೂರುತ್ತೇನೆ. ಒಬ್ಬರೇ ಶಿಕ್ಷಕರಿರುವ ತರಗತಿಯಲ್ಲಿ ಆ ಮಕ್ಕಳಿಗೆ ಇಷ್ಟು ಗಮನ ಎಲ್ಲಿ ಸಿಗುತ್ತದೆ?

ನಮ್ಮನ್ನು ಅಳೆಯುವ ರೀತಿಯ ಬಗ್ಗೆಯೂ ಹೇಳಲೇಬೇಕು. ಮೌಲ್ಯಮಾಪನಕ್ಕೆ ಬಂದವರು ಹೆಚ್ಚಾಗಿ ನೋಡುವುದು ಪಾಠಯೋಜನೆಯ ಪುಸ್ತಕವನ್ನು. ಪೀಠಿಕೆ ಇದೆಯೇ, ಪಾಠೋಪಕರಣ ತಂದಿದ್ದಾರೆಯೇ, ಕಪ್ಪುಹಲಗೆಯ ಬರಹ ನೇರವಾಗಿದೆಯೇ. ಇವೆಲ್ಲ ಬೇಕು, ನಾನೂ ಶ್ರದ್ಧೆಯಿಂದ ಬರೆದಿದ್ದೇನೆ. ಆದರೆ ಮಕ್ಕಳ ಪುಸ್ತಕ ತೆರೆದು 35 ಎಲ್ಲಿಂದ ಬಂತು ಎಂದು ಕೇಳಿದವರನ್ನು ನಾನು ಕಂಡಿಲ್ಲ. ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಬಹುಕಾಲದಿಂದ ಒಂದು ರೂಢಿಯಿದೆ. ಶಿಕ್ಷಕರು ಸೇರಿ ಒಂದು ಪಾಠವನ್ನು ಯೋಜಿಸುತ್ತಾರೆ, ಒಬ್ಬರು ಬೋಧಿಸುತ್ತಾರೆ, ಉಳಿದವರು ಸುತ್ತ ನಿಂತು ಮಕ್ಕಳನ್ನು ನೋಡುತ್ತಾರೆ. ಆಮೇಲೆ ಚರ್ಚೆ ನಡೆಯುವುದು ಆ ಪಾಠದ ಬಗ್ಗೆ. ಬೋಧಿಸಿದವರಿಗೆ ಅಂಕ ಕೊಡಲು ಅವರು ಸೇರುವುದಿಲ್ಲ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಸೂಕ್ಷ್ಮ ಬೋಧನೆಯನ್ನು, ಅಂದರೆ ಕೆಲವೇ ಜನರ ಮುಂದೆ ಕೆಲವೇ ನಿಮಿಷಗಳ ಪಾಠ ಮಾಡಿ ಪಳಗುವುದನ್ನು, ನಾವೆಲ್ಲ ಕಲಿತಿದ್ದೇವೆ. ಅದರ ಜೀವಾಳವೇ ಪಾಠ ಮಾಡಿ, ಅಭಿಪ್ರಾಯ ಕೇಳಿ, ತಿದ್ದಿಕೊಂಡು ಮತ್ತೆ ಪಾಠ ಮಾಡುವುದು. ನಿಜವಾದ ತರಗತಿಗೆ ಬಂದೊಡನೆ ಆ "ಮತ್ತೆ" ಮಾಯವಾಗುತ್ತದೆ. ಎರಡು ವಿಭಾಗಗಳಿರುವ ಶಾಲೆಯಲ್ಲಿ ಒಂದೇ ಪಾಠವನ್ನು ಮಾರನೆಯ ದಿನ ಇನ್ನೊಂದು ವಿಭಾಗಕ್ಕೆ ಮಾಡಲು ಬಿಟ್ಟರೆ ಸಾಕು, ಯಾವ ಖರ್ಚೂ ಇಲ್ಲದೆ ಅದು ಮರಳಿ ಬರುತ್ತದೆ. ಹೊಸ ಹೊಸ ಪಾಠಗಳ ಸಂಖ್ಯೆ ತುಂಬಿಸುವುದಕ್ಕಿಂತ ಇದರಿಂದ ಹೆಚ್ಚು ಕಲಿಯುತ್ತೇವೆಂದು ನನಗೆ ಖಚಿತವಿದೆ.

ಮುಂದಿನ ತಂಡದ ಪ್ರಶಿಕ್ಷಣಾರ್ಥಿಗಳು ಶಾಲೆಗಳಿಗೆ ಬರುವ ಮೊದಲು ಮುಖ್ಯಶಿಕ್ಷಕರು ಮಾರ್ಗದರ್ಶಿ ಶಿಕ್ಷಕರ ವೇಳಾಪಟ್ಟಿಯಲ್ಲಿ ದಿನಕ್ಕೊಂದು ಅವಧಿಯನ್ನು ಈ ಮಾತುಕತೆಗೆಂದೇ ಬರೆದಿಡಲಿ. ಯಾರೇ ಗೈರುಹಾಜರಾದರೂ ಅದನ್ನು ಬೇರೆ ತರಗತಿಗೆ ಕೊಡಬಾರದು. ತರಬೇತಿ ಸಂಸ್ಥೆಗಳು ಒಬ್ಬ ವಿದ್ಯಾರ್ಥಿಯನ್ನು ಆದಷ್ಟು ಒಂದೇ ತರಗತಿಯಲ್ಲಿ ದೀರ್ಘ ಕಾಲ ಉಳಿಸಲಿ, ಮಕ್ಕಳ ಹೆಸರು ನಾಲಿಗೆಗೆ ಕೂರುವ ಹೊತ್ತಿಗೆ ಎತ್ತಿ ಬೇರೆ ಕಡೆ ಹಾಕದಿರಲಿ. ಮೌಲ್ಯಮಾಪನಕ್ಕೆ ಬರುವವರು ನಮ್ಮ ಪಾಠಯೋಜನೆಯ ಜೊತೆ ಮಕ್ಕಳ ಐದಾರು ಪುಸ್ತಕಗಳನ್ನೂ ತರಿಸಿಕೊಂಡು, ಅವುಗಳಲ್ಲಿನ ತಪ್ಪುಗಳ ಬಗ್ಗೆ ನಮ್ಮನ್ನು ಪ್ರಶ್ನಿಸಲಿ. ಪೋಷಕರು ಮುಂದಿನ ಸಭೆಯಲ್ಲಿ ಹೊಸ ಶಿಕ್ಷಕಿ ಏಕೆ ಎಂದು ಕೇಳುವ ಬದಲು, ಅವಳು ಪಾಠ ಮಾಡುವಾಗ ತರಗತಿ ಶಿಕ್ಷಕರು ಎಲ್ಲಿರುತ್ತಾರೆ ಎಂದು ಕೇಳಲಿ.

ಇಂತಿ,
ಮೂರನೆಯ ತರಗತಿಯ ಪ್ರಶಿಕ್ಷಣಾರ್ಥಿ ಶಿಕ್ಷಕಿ