ಐಸಿಯು ತರಬೇತಿ ರೋಗಿಯ ಹಾಸಿಗೆಯ ಬಳಿಯೇ ನಡೆಯಲಿ

ಮಾನ್ಯ ಸಂಪಾದಕರೇ,

2020ರ ಮೇ ತಿಂಗಳಲ್ಲಿ ಪಿಎಂ ಕೇರ್ಸ್ ನಿಧಿಯಿಂದ 50 ಸಾವಿರ ವೆಂಟಿಲೇಟರ್‌ಗಳಿಗಾಗಿ 2,000 ಕೋಟಿ ರೂಪಾಯಿ ಒದಗಿಸಲಾಯಿತು. ಯಂತ್ರಗಳು ಜಿಲ್ಲಾ ಆಸ್ಪತ್ರೆಗಳವರೆಗೂ ತಲುಪಿದವು. ನಡೆಸಲು ಬಲ್ಲವರಿಲ್ಲದೆ ಹಲವೆಡೆ ಮೂಲೆ ಸೇರಿದ್ದೂ ಆಗಲೇ ವರದಿಯಾಯಿತು. ಯಂತ್ರ ತರಿಸುವುದಕ್ಕೆ ಇದ್ದ ಆತುರ ಯುವ ವೈದ್ಯರಿಗೆ ತೀವ್ರ ನಿಗಾ ಚಿಕಿತ್ಸೆಯನ್ನು ಕಲಿಸುವುದಕ್ಕೆ ಇಂದಿಗೂ ಬಂದಿಲ್ಲ ಎಂಬ ಕಳವಳದಿಂದ ಈ ಪತ್ರ ಬರೆಯುತ್ತಿದ್ದೇನೆ.

ಸ್ನಾತಕೋತ್ತರ ವೈದ್ಯ ವಿದ್ಯಾರ್ಥಿಗಳು ಈಗ ವ್ಯಾಸಂಗದ ನಡುವೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲಿ ಕೆಲಸ ಮಾಡುವುದು ಕಡ್ಡಾಯ. ಅಲ್ಲಿಗೆ ಅಪರಾತ್ರಿಯಲ್ಲಿ ಕೀಟನಾಶಕ ಕುಡಿದ ರೈತನೋ, ನಾಗರಹಾವು ಕಚ್ಚಿ ಉಸಿರಾಟದ ಸ್ನಾಯುಗಳೇ ಸೋತುಹೋದ ಹುಡುಗಿಯೋ ಬಂದಾಗ ವೆಂಟಿಲೇಟರ್ ಮುಂದೆ ನಿಲ್ಲಬೇಕಾದವರು ಎಷ್ಟೋ ಸಲ ಇವರೇ. ಅದಕ್ಕೂ ಮುನ್ನ ಕಾಲೇಜಿನ ಐಸಿಯುನಲ್ಲಿ ಇವರು ಕಳೆದ ಕಾಲದ ಬಹುಪಾಲು ರಕ್ತದ ಮಾದರಿ ಕಳುಹಿಸುವುದರಲ್ಲಿ, ವರದಿ ಹುಡುಕುವುದರಲ್ಲಿ, ಕೇಸ್‌ಶೀಟ್ ತುಂಬುವುದರಲ್ಲಿ ಮುಗಿದಿರುತ್ತದೆ. ಡ್ಯೂಟಿ ಮಾಡಿದ್ದನ್ನೇ ತರಬೇತಿ ಎಂದು ಲೆಕ್ಕಕ್ಕೆ ಹಿಡಿಯುವ ಈ ಪದ್ಧತಿ ನಿಲ್ಲಬೇಕು.

ಎಆರ್‌ಡಿಎಸ್‌ (ಶ್ವಾಸಕೋಶದಲ್ಲಿ ಉರಿಯೂತವಾಗಿ ನೀರು ತುಂಬಿ ಉಸಿರಾಟ ಸೋಲುವ ತೀವ್ರ ಸ್ಥಿತಿ) ಕಾಣಿಸಿಕೊಂಡ ರೋಗಿಗೆ ವೆಂಟಿಲೇಟರ್ ಪ್ರತಿ ಉಸಿರಿಗೆ ಕೊಡುವ ಗಾಳಿಯನ್ನು ಕೆ.ಜಿ.ಗೆ 12 ಮಿ.ಲೀ. ಬದಲು 6 ಮಿ.ಲೀ.ಗೆ ಇಳಿಸಿದಾಗ ಸಾವಿನ ಪ್ರಮಾಣ ಸುಮಾರು ಶೇ 40ರಿಂದ ಶೇ 31ಕ್ಕೆ ಇಳಿಯಿತೆಂದು 2000ದಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ ತೋರಿಸಿತು. ಈ ಅಂಕಿ ನಮ್ಮ ವಿದ್ಯಾರ್ಥಿಗಳಿಗೆ ಬಾಯಿಪಾಠ. ಆದರೆ ಲೆಕ್ಕಕ್ಕೆ ಹಿಡಿಯಬೇಕಾದದ್ದು ತಕ್ಕಡಿಯ ತೂಕವನ್ನಲ್ಲ, ಎತ್ತರದಿಂದ ಕಂಡುಕೊಂಡ ತೂಕವನ್ನು; ಮೈ ದಪ್ಪವಾದ ಮಾತ್ರಕ್ಕೆ ಶ್ವಾಸಕೋಶ ದೊಡ್ಡದಾಗುವುದಿಲ್ಲ. 165 ಸೆಂ.ಮೀ. ಎತ್ತರ, 90 ಕೆ.ಜಿ. ತೂಕದ ಗಂಡಸಿಗೆ ಸಲ್ಲಬೇಕಾದ್ದು ಸುಮಾರು 370 ಮಿ.ಲೀ.; ತಕ್ಕಡಿಯನ್ನು ನಂಬಿದರೆ 540 ಆಗುತ್ತದೆ. ವಿದ್ಯಾರ್ಥಿಯ ಕೈಗೆ ಅಳತೆಯ ಟೇಪು ಕೊಟ್ಟು, ಮಲಗಿರುವ ರೋಗಿಯನ್ನು ಹಿಮ್ಮಡಿಯಿಂದ ನೆತ್ತಿಯವರೆಗೆ ಅಳೆಯಿಸಿ, ಲೆಕ್ಕ ಹಾಕಿಸಿ, ಉಸಿರನ್ನು ಕ್ಷಣಕಾಲ ತಡೆಹಿಡಿದು ಶ್ವಾಸಕೋಶದೊಳಗಿನ ಒತ್ತಡ ಸುರಕ್ಷಿತ ಮಿತಿಯಾದ 30 ಸೆಂ.ಮೀ. (ನೀರಿನ ಎತ್ತರದ ಅಳತೆಯಲ್ಲಿ) ದಾಟಿಲ್ಲವೆಂದು ಅವನೇ ಓದಿ ಹೇಳುವಂತೆ ಮಾಡಲು ಹದಿನೈದು ನಿಮಿಷ ಸಾಕು. ಸ್ಲೈಡು ತೋರಿಸಿ ಗಂಟೆಗಟ್ಟಲೆ ಮಾತಾಡಿದರೂ ಈ ಪಾಠ ಅಷ್ಟು ಆಳಕ್ಕೆ ಇಳಿಯದು.

ಕುತ್ತಿಗೆಯ ರಕ್ತನಾಳಕ್ಕೆ ಸೆಂಟ್ರಲ್ ಲೈನ್ (ಔಷಧ ಕೊಡಲು ಹೃದಯದ ಸಮೀಪದವರೆಗೆ ತೂರಿಸುವ ಸಪೂರ ಕೊಳವೆ) ಹಾಕುವುದನ್ನು ಸೀನಿಯರ್ ಮಾಡುವಾಗ ಒಮ್ಮೆ ನೋಡಿ, ಮರುದಿನ ತಾನೇ ರೋಗಿಯ ಮೇಲೆ ಮಾಡುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಮ್ಯಾನಿಕಿನ್ (ತರಬೇತಿಗೆ ಬಳಸುವ ಮನುಷ್ಯಾಕಾರದ ಬೊಂಬೆ) ಮೇಲೆ ತಪ್ಪಿಲ್ಲದೆ ಮಾಡಿ ತೋರಿಸಿದ ನಂತರವಷ್ಟೇ ರೋಗಿಯನ್ನು ಮುಟ್ಟಬೇಕೆಂಬ ನಿಯಮ ಬರಬೇಕು. ನಾನು ಕಂಡ ಹಲವು ಕಾಲೇಜುಗಳಲ್ಲಿ ಇಂಥ ಅಭ್ಯಾಸಕ್ಕೆಂದೇ ಸ್ಕಿಲ್ ಲ್ಯಾಬ್ ಇದೆ, ಬೀಗವೂ ಇದೆ; ತಪಾಸಣೆಯ ದಿನ ಅದು ತೆರೆಯುತ್ತದೆ. ಅಮೆರಿಕದ ಮಿಷಿಗನ್ ರಾಜ್ಯದ ಐಸಿಯುಗಳಲ್ಲಿ ಇಂಥ ಲೈನ್‌ಗಳಿಂದಾಗುವ ರಕ್ತದ ಸೋಂಕು ಶೇ 66ರವರೆಗೆ ಇಳಿಯಿತೆಂದು 2006ರಲ್ಲಿ ವರದಿಯಾಯಿತು. ಅಲ್ಲಿ ಪಾಲಿಸಿದ್ದು ಕೈತೊಳೆಯುವುದರಿಂದ ಹಿಡಿದು ಬೇಡವಾದ ಲೈನ್ ತೆಗೆಯುವವರೆಗಿನ ಸರಳ ಪಟ್ಟಿ. ಹೆಜ್ಜೆ ತಪ್ಪಿದ ವೈದ್ಯರನ್ನು ತಡೆಯುವ ಅಧಿಕಾರ ನರ್ಸ್‌ಗಳಿಗೂ ಇತ್ತು. ಹಿರಿಯ ನರ್ಸ್‌ಗಳ ಮಾತಿಗೆ ಕಿವಿಗೊಡುವುದನ್ನು ನಮ್ಮ ತರಬೇತಿಯೂ ಕಲಿಸಬೇಕು.

ಚೇತರಿಕೆಯ ಭರವಸೆಯೇ ಇಲ್ಲದ ರೋಗಿಯ ಜೀವರಕ್ಷಕ ಚಿಕಿತ್ಸೆಯನ್ನು ಹಿಂಪಡೆಯುವ ಬಗ್ಗೆ ಸುಪ್ರೀಂ ಕೋರ್ಟ್ ತೀರ್ಪಿನಂತೆ ನಮ್ಮ ರಾಜ್ಯ ಸರ್ಕಾರ 2025ರ ಜನವರಿಯಲ್ಲಿ ಸುತ್ತೋಲೆ ಹೊರಡಿಸಿದೆ. ಎರಡು ವೈದ್ಯಕೀಯ ಮಂಡಳಿಗಳ ಒಪ್ಪಿಗೆ ಬೇಕೆನ್ನುವ ಈ ಕ್ರಮದಲ್ಲಿ ಮನೆಯವರೊಂದಿಗೆ ಮಾತನಾಡುವುದೇ ಅತ್ಯಂತ ಕಷ್ಟದ ಕೆಲಸ. ಆದರೂ ಐಸಿಯು ಬಾಗಿಲಲ್ಲಿ ಕಾದು ನಿಂತ ತಾಯಿಗೆ ಕೆಟ್ಟ ಸುದ್ದಿ ಹೇಳಲು ನಾವು ಕಳುಹಿಸುವುದು ತಂಡದ ಅತಿ ಕಿರಿಯರನ್ನು. ಮೊದಲು ಹಿರಿಯರ ಪಕ್ಕ ಕುಳಿತು ಕೇಳಿ, ಬಳಿಕ ಹಿರಿಯರ ಎದುರೇ ತಾನು ಮಾತನಾಡಿ, ಆ ಮಾತುಕತೆ ಹೇಗೆ ನಡೆಯಿತೆಂದು ಅವರಿಂದ ತಿಳಿದುಕೊಳ್ಳುವ ಅವಕಾಶ ಪ್ರತಿಯೊಬ್ಬ ವಿದ್ಯಾರ್ಥಿಗೂ ಸಿಗಬೇಕು.

ಬೋಧಕರನ್ನಷ್ಟೇ ದೂರುವುದು ಸರಿಯಲ್ಲ. ಹಾಸಿಗೆಗಳೆಲ್ಲ ತುಂಬಿರುವಾಗ ಅವರಿಗೆ ಕಲಿಸಲು ಪುರುಸೊತ್ತೇ ಇರುವುದಿಲ್ಲ. ಪ್ರತಿದಿನ ಒಂದು ಗಂಟೆ ಬೇರೆ ಯಾವ ಕೆಲಸವೂ ಇಲ್ಲದೆ ಕಲಿಸಲೆಂದೇ ಅವರನ್ನು ಬಿಡುವಂತೆ ವೈದ್ಯಕೀಯ ಶಿಕ್ಷಣ ಇಲಾಖೆ ಆದೇಶಿಸಲಿ. ವೆಂಟಿಲೇಟರ್ ಹೊಂದಿಸುವುದು, ಸೆಂಟ್ರಲ್ ಲೈನ್ ಹಾಕುವುದು, ಮನೆಯವರೊಂದಿಗೆ ಮಾತನಾಡುವುದು ಇವಿಷ್ಟನ್ನು ಇಬ್ಬರು ಬೋಧಕರು ಕಣ್ಣಾರೆ ನೋಡಿ ಸಹಿ ಹಾಕಿದ ಮೇಲಷ್ಟೇ ಮೆಡಿಸಿನ್ ಮತ್ತು ಅರಿವಳಿಕೆ ವಿಭಾಗದ ವಿದ್ಯಾರ್ಥಿಗಳನ್ನು ಜಿಲ್ಲಾ ಆಸ್ಪತ್ರೆಗೆ ಕಳುಹಿಸುವ ನಿಯಮವನ್ನು ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಮುಂದಿನ ಶೈಕ್ಷಣಿಕ ವರ್ಷದಿಂದಲೇ ಜಾರಿಗೆ ತರಬೇಕೆಂದು ವಿನಂತಿಸುತ್ತೇನೆ.

– ಅರಿವಳಿಕೆ ಮತ್ತು ತೀವ್ರ ನಿಗಾ ವೈದ್ಯ, ಹುಬ್ಬಳ್ಳಿ