ಕೌದಿ ಹೊಲಿದವರಿಗೆ ಮೊದಲ ನಮಸ್ಕಾರ

ಜೈಲಿನಿಂದ ಬಿಡುಗಡೆಯಾಗಿ ಬಂದ ಹೆಣ್ಣುಮಕ್ಕಳು ಸೇರಿ ಹೊಲಿದ ದೊಡ್ಡ ಕೌದಿಯ ಪ್ರದರ್ಶನ ಮೊನ್ನೆ ಮುಗಿಯಿತು. ನೋಡಲು ಬಂದ ಎಷ್ಟೋ ಜನ ನನ್ನ ಕೈ ಹಿಡಿದು, "ಅವರಿಗೆ ದೊಡ್ಡ ಉಪಕಾರ ಮಾಡಿದಿರಿ" ಎಂದರು. ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಆ ಧನ್ಯವಾದ ಸಲ್ಲಬೇಕಾದವರು ಬೇರೆ.

1841ರಲ್ಲಿ ‘ರಾಜಾ’ ಎಂಬ ಹಡಗು 180 ಮಹಿಳಾ ಕೈದಿಗಳನ್ನು ಇಂಗ್ಲೆಂಡಿನಿಂದ ಈಗಿನ ಟಾಸ್ಮೇನಿಯಾಕ್ಕೆ ಸಾಗಿಸಿತು. ಜೈಲು ಸುಧಾರಣೆಗೆ ದುಡಿದ ಎಲಿಜಬೆತ್ ಫ್ರೈ ಅವರ ಮಹಿಳಾ ಸಂಘ ಕೊಟ್ಟ ಸೂಜಿ, ದಾರ, ಬಟ್ಟೆಚೂರುಗಳಿಂದ ಅವರಲ್ಲಿ ಕೆಲವರು ದಾರಿಯುದ್ದಕ್ಕೂ ಹೊಲಿದು 2,815 ತುಂಡುಗಳ ಕೌದಿ ಮಾಡಿದರು. ಅದೀಗ ಕ್ಯಾನ್‌ಬೆರಾದ ನ್ಯಾಷನಲ್ ಗ್ಯಾಲರಿ ಆಫ್ ಆಸ್ಟ್ರೇಲಿಯಾದಲ್ಲಿದೆ. ಸಂಘದ ಹೆಂಗಸರಿಗೆ ಕೃತಜ್ಞತೆ ಹೇಳುವ ಸಾಲುಗಳು ಅದರ ಮೇಲೆಯೇ ಕಸೂತಿಯಲ್ಲಿವೆ. ಹೊಲಿದವರ ಹೆಸರು ಮಾತ್ರ ಇಲ್ಲ. ಈ ಸಂಗತಿ ನನ್ನನ್ನು ಬಹಳ ಕಾಡಿದೆ.

ನಮ್ಮ ಕೌದಿಯಲ್ಲಿ ಹೆಸರು ಹಾಕುವುದೋ ಬೇಡವೋ ಎಂಬುದನ್ನು ಅವರವರೇ ನಿರ್ಧರಿಸಿದರು. ಕೆಲವರು ಪೂರ್ತಿ ಹೆಸರು ಹೊಲಿದರು. ಈಗಿನ ಕೆಲಸಕ್ಕೆ ಕುತ್ತು ಬಂದೀತೆಂದು ಒಬ್ಬರು ಮೂಲೆಯಲ್ಲಿ ಕೆಂಪು ದಾರದ ಮೂರು ಗಂಟು ಹಾಕಿ ಬಿಟ್ಟರು. ಆದ್ದರಿಂದ ಇಲ್ಲೂ ನಾನು ಯಾರ ಹೆಸರನ್ನೂ ಬರೆಯುತ್ತಿಲ್ಲ.

ಜೈಲಿನೊಳಗೆ ಸೂಜಿಯನ್ನು ಎಣಿಸಿ ಕೊಟ್ಟು ಎಣಿಸಿಯೇ ವಾಪಸು ಪಡೆಯುತ್ತಿದ್ದರಂತೆ. ಇಲ್ಲಿ ಮೇಜಿನ ಮೇಲೆ ಕತ್ತರಿ ಬಿದ್ದಿದ್ದರೂ ಎಷ್ಟೋ ದಿನ ಅವರು ಹಲ್ಲಿನಿಂದಲೇ ದಾರ ಕಡಿಯುತ್ತಿದ್ದರು. ಒಬ್ಬರಂತೂ ಸಂಜೆ ಸೂಜಿಗಳ ಲೆಕ್ಕ ಒಪ್ಪಿಸದೆ ಮನೆಗೆ ಹೊರಡುತ್ತಿರಲಿಲ್ಲ, ಬೇಡವೆಂದರೂ ಕೇಳುತ್ತಿರಲಿಲ್ಲ. ಪಂಜರ ಬಿಟ್ಟು ಹಾರುವ ಹಕ್ಕಿಯ ಚಿತ್ರ ಇರಲಿ ಎಂದು ಯಾರೋ ಸಲಹೆ ಕೊಟ್ಟಾಗ, "ಹಕ್ಕಿ ಬೇಡ, ಚಿಲಕ ಇರಲಿ. ಒಳಗಿನಿಂದ ನಾವೇ ಹಾಕಿಕೊಳ್ಳೋ ಚಿಲಕ" ಎಂದದ್ದು ಇವರೇ. ಕೌದಿಯ ನಟ್ಟನಡುವೆ ಇರುವುದು ಆ ಚಿಲಕ. ಜನ ಅತಿ ಹೆಚ್ಚು ಹೊತ್ತು ನಿಂತು ನೋಡಿದ್ದೂ ಅದನ್ನೇ. ಹೀಗೆ ನೋಡುವುದನ್ನು ನನಗೆ ಕಲಿಸಿದ, ಕೌದಿ ಹೊಲಿದ ನಿಮಗೆಲ್ಲ ನಾನು ಋಣಿ.

ಇನ್ನೂ ಕೆಲವರನ್ನು ನೆನೆಯಲೇಬೇಕು. ಹೊಲಿಯುವವರು ಸಹಿ ಹಾಕಲು ಹೋಗಬೇಕಾದ ದಿನ ನಮ್ಮ ಹೊಲಿಗೆಯ ದಿನವೇ ಬಿದ್ದಾಗ ಅದನ್ನು ಬದಲಿಸಿಕೊಟ್ಟ, ಬಿಡುಗಡೆಯಾದವರ ಮೇಲೆ ನಿಗಾ ಇಡುವ ಪ್ರೊಬೇಷನ್ ಅಧಿಕಾರಿ. ಪಕ್ಕದ ಕೋಣೆಯಲ್ಲಿ ಮಕ್ಕಳನ್ನು ಆಡಿಸುತ್ತ ಕೂತವರು. ಕೇಳಿದ ಕೂಡಲೇ ಮುಖ ಬಿಟ್ಟು ಕೈಗಳನ್ನಷ್ಟೇ ಸೆರೆಹಿಡಿದ ಛಾಯಾಗ್ರಾಹಕರು. ಚಹಾ ಖರ್ಚು, ಬಸ್ ಖರ್ಚು ಎಂದು ಕೈತೊಳೆದುಕೊಳ್ಳದೆ, ಕಲಾವಿದರಿಗೆ ಕೊಡುವಂತೆ ಪ್ರತಿಯೊಬ್ಬರಿಗೂ ಸಂಭಾವನೆ ಕೊಟ್ಟ ದಾನಿಗಳು. ಈ ಕೊನೆಯದು ಎಲ್ಲ ಕಡೆ ನಡೆಯುವುದಿಲ್ಲ, ನಡೆಯಬೇಕು. ಯಾರು ಯಾವ ಕೇಸಿನಲ್ಲಿ ಒಳಗಿದ್ದರು ಎಂದು ಒಮ್ಮೆಯೂ ಕೇಳದ ನೋಡುಗರಿಗೂ ಕೈಮುಗಿಯುತ್ತೇನೆ.

ಮುಂದಿನ ತಿಂಗಳು ಎರಡನೇ ಕೌದಿ ಶುರುವಾಗುತ್ತದೆ. ಈಗಷ್ಟೇ ಬಿಡುಗಡೆಯಾದವರಿಗೆ ಹೊಲಿಗೆ ಕಲಿಸುವ ಕೆಲಸ ಈ ಸಲ ಮೊದಲ ಕೌದಿ ಹೊಲಿದವರದ್ದು, ಅದರ ಸಂಭಾವನೆಯೂ ಅವರಿಗೇ.