ಸ್ಕೀಯಿಂಗ್ ಹತ್ತಿರದ ಕಾಲೇಜು ದುಬಾರಿಯೇ ಆಗಬೇಕಿಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದಲ್ಲಿರುವ ನಮ್ಮವರ ಮಕ್ಕಳು ಸ್ಕೀಯಿಂಗ್‌ಗೆ ಅನುಕೂಲವಾದ ಊರು ನೋಡಿ ಕಾಲೇಜು ಆರಿಸುತ್ತಾರೆ, ಇದು ದುಡ್ಡು ಹೆಚ್ಚಾದವರ ಷೋಕಿ ಎಂದು ಓದುಗರೊಬ್ಬರು ನಿಮ್ಮ ಪತ್ರಿಕೆಗೆ ಬರೆದಿದ್ದರು. ಓದಿ ನಗು ಬಂತು, ಸ್ವಲ್ಪ ಸಿಟ್ಟೂ ಬಂತು. ಅಂಥ ಮಕ್ಕಳಲ್ಲಿ ನನ್ನ ಮಗಳೂ ಒಬ್ಬಳು. ನಾವಿರುವುದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ. ಅವಳಿಗೆ ಸಿವಿಲ್ ಎಂಜಿನಿಯರಿಂಗ್ ಬೇಕು, ಹತ್ತಿರದಲ್ಲಿ ಹಿಮದ ಬೆಟ್ಟವೂ ಬೇಕು. ಲೆಕ್ಕ ಹಾಕುವ ಕೆಲಸ ಮಾತ್ರ ನನ್ನದು.

ಸ್ಕೀಯಿಂಗ್‌ಗೆ ದುಡ್ಡು ಬೇಕು ಅನ್ನುವುದು ಸುಳ್ಳಲ್ಲ. ಕೊಲರಾಡೊದ ವೇಲ್ ಅನ್ನುವ ಸ್ಕೀ ಬೆಟ್ಟದಲ್ಲಿ ಜನ ಸೇರುವ ದಿನಗಳಲ್ಲಿ ಕೌಂಟರಿನಲ್ಲಿ ಕೊಳ್ಳುವ ಒಂದು ದಿನದ ಟಿಕೆಟ್ 300 ಡಾಲರ್ ದಾಟುತ್ತದೆ. ಆದರೆ ಅದು ಪ್ರವಾಸಿಗಳ ದರ. ಇಡೀ ಚಳಿಗಾಲಕ್ಕೆ ಆಗುವ ಸೀಸನ್ ಪಾಸನ್ನು ಚಳಿಗಾಲಕ್ಕೆ ಮುಂಚೆಯೇ ಕೊಂಡರೆ ಕಾಲೇಜು ಮಕ್ಕಳಿಗೆ ಅನೇಕ ಕಡೆ ರಿಯಾಯಿತಿ ಇದೆ. ಮಿಶಿಗನ್ ಟೆಕ್ ವಿಶ್ವವಿದ್ಯಾಲಯಕ್ಕೆ ಮಾಂಟ್ ರಿಪ್ಲಿ ಅನ್ನುವ ತನ್ನದೇ ಬೆಟ್ಟವಿದೆ. ಅಲ್ಲಿನ ವಿದ್ಯಾರ್ಥಿಗಳು ಕಟ್ಟುವ ಶುಲ್ಕದಲ್ಲೇ ಬೆಟ್ಟದ ಮೇಲಕ್ಕೆ ಒಯ್ಯುವ ಅದರ ಲಿಫ್ಟೂ ಸೇರಿದೆ. ವಾರಾಂತ್ಯಕ್ಕೆ ಹೋಟೆಲ್ ಹಿಡಿದು, ಸ್ಕೀ ಬಾಡಿಗೆಗೆ ತೆಗೆದುಕೊಂಡು ಹೋಗುವ ನಮ್ಮಂಥವರ ಜೇಬಿಗೇ ಅದು ಭಾರ. ಪಕ್ಕದಲ್ಲೇ ಇದ್ದು ಮಧ್ಯಾಹ್ನದ ಕ್ಲಾಸ್ ಮುಗಿಸಿ ಹೋಗುವವರಿಗೆ ಅಷ್ಟಿಲ್ಲ.

ದೊಡ್ಡ ಖರ್ಚು ಬೇರೆ ರಾಜ್ಯದ ಟ್ಯೂಷನ್, ಅಂದರೆ ಕಾಲೇಜಿನ ಬೋಧನಾ ಶುಲ್ಕ. ಇಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳು ತಮ್ಮ ರಾಜ್ಯದವರಿಗೆ ಒಂದು ದರ, ಹೊರಗಿನವರಿಗೆ ಅದರ ಎರಡು ಮೂರು ಪಟ್ಟು ಹೇಳುತ್ತವೆ. ಸ್ಕೀಯಿಂಗ್ ಅಂದ ಕೂಡಲೇ ಎಲ್ಲರ ಬಾಯಲ್ಲಿ ಬರುವ ಬೋಲ್ಡರ್‌ನ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಹೊರ ರಾಜ್ಯದವರ ವರ್ಷದ ಟ್ಯೂಷನ್ನೇ 40,000 ಡಾಲರ್ ಮೀರಿದೆ. ಊಟ, ವಸತಿ ಬೇರೆ. ವರ್ಮಾಂಟ್ ವಿಶ್ವವಿದ್ಯಾಲಯವೂ ಹಾಗೆಯೇ. ಸುಮ್ನೆ ಹೆಸರು ನೋಡಿ ಅಲ್ಲಿಗೆ ಕಳಿಸಿದರೆ ಆ ಓದುಗರು ಹೇಳಿದ್ದೇ ಸರಿ ಆಗುತ್ತದೆ.

ಆದರೆ ಪಶ್ಚಿಮದ ರಾಜ್ಯಗಳವರಿಗೆ ಒಂದು ಒಳದಾರಿ ಇದೆ. ವೆಸ್ಟರ್ನ್ ಅಂಡರ್‌ಗ್ರಾಜುಯೇಟ್ ಎಕ್ಸ್‌ಚೇಂಜ್, ಇಲ್ಲಿನವರ ಬಾಯಲ್ಲಿ 'ವೂಯಿ'. ಕ್ಯಾಲಿಫೋರ್ನಿಯಾ, ನೆವಾಡ, ಯೂಟಾ, ಮೊಂಟಾನ, ಐಡಹೊ, ಕೊಲರಾಡೊ, ವಾಷಿಂಗ್ಟನ್ ಎಲ್ಲ ಇದರಲ್ಲಿವೆ. ಈ ರಾಜ್ಯಗಳ ಮಕ್ಕಳು ಒಬ್ಬರ ರಾಜ್ಯಕ್ಕೆ ಇನ್ನೊಬ್ಬರು ಓದಲು ಹೋದರೆ, ಯೋಜನೆಗೆ ಸೇರಿದ ಕಾಲೇಜುಗಳಲ್ಲಿ ಸ್ಥಳೀಯ ದರದ ಒಂದೂವರೆ ಪಟ್ಟಿಗಿಂತ ಜಾಸ್ತಿ ಕಟ್ಟಬೇಕಿಲ್ಲ. ಸ್ಥಳೀಯರಿಗೆ 10,000 ಡಾಲರ್ ಇದ್ದರೆ ನಮಗೆ 15,000. ಟೆಕ್ಸಾಸ್ ಇದರಲ್ಲಿ ಇಲ್ಲ. ಅಲ್ಲಿನ ಡಲ್ಲಾಸ್‌ನಲ್ಲಿರುವ ನನ್ನ ತಂಗಿಗೆ ಇದನ್ನು ಹೇಳಿ ಬೈಸಿಕೊಂಡಿದ್ದೇನೆ.

ಇದರಲ್ಲಿ ಷರತ್ತುಗಳೂ ಇವೆ. ಬೋಲ್ಡರ್ ಈ ಯೋಜನೆಗೆ ಸೇರಿಲ್ಲ. ಸೇರಿದ ಕಾಲೇಜುಗಳೂ ಎಲ್ಲ ಕೋರ್ಸಿಗೂ, ಎಲ್ಲ ಅರ್ಜಿದಾರರಿಗೂ ಕೊಡುವುದಿಲ್ಲ. ಬೋಜ್‌ಮನ್‌ನ ಮೊಂಟಾನ ಸ್ಟೇಟ್ ವಿಶ್ವವಿದ್ಯಾಲಯದಿಂದ ಬ್ರಿಜರ್ ಬೌಲ್ ಬೆಟ್ಟ ಅರ್ಧ ಗಂಟೆ, ಬಿಗ್ ಸ್ಕೈ ಸುಮಾರು ಒಂದು ಗಂಟೆ. ಆಕರ್ಷಣೆ ಜಾಸ್ತಿ, ಆದ್ದರಿಂದ ಪೈಪೋಟಿಯೂ ಜಾಸ್ತಿ. ಗನಿಸನ್‌ನ ವೆಸ್ಟರ್ನ್ ಕೊಲರಾಡೊ ವಿಶ್ವವಿದ್ಯಾಲಯ ಚಿಕ್ಕದು, ಕ್ರೆಸ್ಟೆಡ್ ಬ್ಯೂಟ್ ಬೆಟ್ಟ ಅಲ್ಲಿಂದ 30 ಮೈಲಿ. ನಮ್ಮ ಪಟ್ಟಿಯಲ್ಲಿ ಮೊದಲಿರುವುದು ರೆನೊದಲ್ಲಿರುವ ನೆವಾಡ ವಿಶ್ವವಿದ್ಯಾಲಯ. ಮೌಂಟ್ ರೋಸ್ ಬೆಟ್ಟ ಮುಕ್ಕಾಲು ಗಂಟೆಯೊಳಗೆ. 1960ರ ಚಳಿಗಾಲದ ಒಲಿಂಪಿಕ್ಸ್ ನಡೆದ ಪ್ಯಾಲಿಸೇಡ್ಸ್ ಟಾಹೊ ಕೂಡ ಹತ್ತಿರ. ದಾರಿಯಲ್ಲಿ ಸಿಗುವ ಡಾನರ್ ಪಾಸ್ ಅನ್ನುವ ಘಟ್ಟದ ರಸ್ತೆ ತೆರೆದಿದ್ದರೆ ರೆನೊಗೆ ನಮ್ಮ ಮನೆಯಿಂದ ಕಾರಿನಲ್ಲಿ ನಾಲ್ಕು ಗಂಟೆ. ತೆರೆದಿದ್ದರೆ!

ಯೂಟಾದ ಕಥೆ ಬೇರೆ. ಬೇರೆ ರಾಜ್ಯಗಳಲ್ಲಿ ಓದಲೆಂದೇ ಬಂದ ಹುಡುಗ ಎಷ್ಟು ವರ್ಷ ಇದ್ದರೂ ಅಪ್ಪ ಅಮ್ಮ ಹೊರಗಿದ್ದರೆ ಸಾಮಾನ್ಯವಾಗಿ ಹೊರಗಿನವನೇ. ಯೂಟಾದಲ್ಲಿ ಒಂದು ವರ್ಷ ಬಿಡದೆ ವಾಸವಿದ್ದು, ಅಲ್ಲಿಯೇ ನೆಲೆಸಿದ್ದಕ್ಕೆ ಲೈಸೆನ್ಸ್ ಮುಂತಾದ ದಾಖಲೆ ತೋರಿಸಿದರೆ ಸ್ಥಳೀಯ ದರಕ್ಕೆ ಅರ್ಜಿ ಹಾಕಬಹುದು. ಮೊದಲ ವರ್ಷ ದುಬಾರಿ, ಆಮೇಲೆ ಹಗುರ. ಸಾಲ್ಟ್ ಲೇಕ್ ಸಿಟಿಯ ಯೂಟಾ ವಿಶ್ವವಿದ್ಯಾಲಯದಿಂದ ಆಲ್ಟಾ, ಸ್ನೋಬರ್ಡ್, ಬ್ರೈಟನ್, ಸಾಲಿಟ್ಯೂಡ್ ನಾಲ್ಕೂ ಸ್ಕೀ ಬೆಟ್ಟಗಳು ಹತ್ತಿರ, ಬಸ್ಸೂ ಹೋಗುತ್ತದೆ. ಆದರೆ ಹಿಮಕುಸಿತದ ಭಯವಿದ್ದಾಗ ಆಲ್ಟಾಕ್ಕೆ ಹೋಗುವ ಲಿಟಲ್ ಕಾಟನ್‌ವುಡ್ ರಸ್ತೆಯನ್ನು ಮುಚ್ಚಿಬಿಡುತ್ತಾರೆ. ಕೆಲವೊಮ್ಮೆ ಮೇಲಿದ್ದವರು ಕಟ್ಟಡದಿಂದ ಹೊರಗೆ ಕಾಲಿಡುವಂತೆಯೂ ಇಲ್ಲ. ಮಾರನೇ ದಿನ ಪರೀಕ್ಷೆ ಇದ್ದರೆ ಪ್ರೊಫೆಸರ್‌ಗೆ ಏನು ಹೇಳುತ್ತೀ ಅಂತ ಮಗಳನ್ನು ಕೇಳಿದೆ. ಉತ್ತರ ಬರಲಿಲ್ಲ.

ಖಾಸಗಿ ಕಾಲೇಜುಗಳ ಬೆಲೆ ನೋಡಿಯೇ ನಮ್ಮವರು ಓಡುತ್ತಾರೆ. ಡಾರ್ಟ್‌ಮತ್‌ಗೆ ಸ್ಕೀವೇ, ಮಿಡಲ್‌ಬರಿಗೆ ಸ್ನೋಬೌಲ್ ಅಂತ ಸ್ವಂತ ಬೆಟ್ಟಗಳಿವೆ. ಮಿಡಲ್‌ಬರಿಯಲ್ಲಿ ಫೆಬ್ರವರಿಯಲ್ಲಿ ಪದವಿ ಪಡೆಯುವವರು ಗೌನು ಟೋಪಿ ಹಾಕಿಕೊಂಡೇ ಸ್ಕೀ ಮೇಲೆ ಇಳಿದು ಬರುತ್ತಾರೆ. ಈ ಎರಡೂ ಕಡೆ ಮೆರಿಟ್ ಸ್ಕಾಲರ್‌ಶಿಪ್ ಇಲ್ಲ. ಕುಟುಂಬದ ಆದಾಯ ನೋಡಿ ನೆರವು ಕೊಡುತ್ತಾರೆ, ಕೊಟ್ಟರೆ ಕೈತುಂಬ ಕೊಡುತ್ತಾರೆ. ಇಬ್ಬರೂ ದುಡಿಯುವ ನಮ್ಮಂಥ ಸಾಫ್ಟ್‌ವೇರ್ ಮನೆಗಳು ಸಿಕ್ಕಿಬೀಳುವುದು ಇಲ್ಲೇ. ನೆರವಿಗೆ ಸಂಬಳ ಜಾಸ್ತಿ, ಪೂರ್ತಿ ಕಟ್ಟಲು ಕಡಿಮೆ. ಅಂಥವರು ಡೆನ್ವರ್ ವಿಶ್ವವಿದ್ಯಾಲಯದಂತೆ ಅಂಕ ನೋಡಿ ದರ ಇಳಿಸುವ ಖಾಸಗಿ ಕಾಲೇಜುಗಳನ್ನು ನೋಡಬೇಕು. ಪ್ರತಿ ಕಾಲೇಜಿನ ವೆಬ್‌ಸೈಟಿನಲ್ಲಿ ನೆರವು ಕಳೆದು ನಾವು ಕಟ್ಟಬೇಕಾದ್ದನ್ನು ಅಂದಾಜು ಮಾಡುವ ನೆಟ್ ಪ್ರೈಸ್ ಕ್ಯಾಲ್ಕ್ಯುಲೇಟರ್ ಇರಬೇಕೆಂದು 2011ರಿಂದ ಕಾನೂನೇ ಇದೆ. ಅರ್ಜಿ ಹಾಕುವ ಮುಂಚೆ ಅದರಲ್ಲಿ ಸಂಬಳ ತುಂಬಿ ನೋಡಿ. ಅಂದಹಾಗೆ, ಉದ್ಯೋಗ ವೀಸಾದವರ ಕುಟುಂಬಕ್ಕೆ ಕೊಡುವ ಎಚ್-4 ವೀಸಾದಲ್ಲಿರುವ ಮಕ್ಕಳಿಗೆ ಫೆಡರಲ್ ಸರ್ಕಾರದ ನೆರವು ಸಿಗುವುದಿಲ್ಲ, ವೂಯಿ ದರಕ್ಕೂ ಪ್ರತಿ ಕಾಲೇಜನ್ನು ಬೇರೆಯಾಗಿ ಕೇಳಬೇಕು.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಗೊತ್ತುಮಾಡಿದ ಡಾಕ್ಟರು, ಆಸ್ಪತ್ರೆಗಳಿಗೇ ಹೋಗಬೇಕಾದ ಎಚ್ಎಂಒ ತರಹದ ಎಷ್ಟೋ ಆರೋಗ್ಯ ವಿಮೆಗಳು ಬೇರೆ ರಾಜ್ಯದಲ್ಲಿ ತುರ್ತು ಚಿಕಿತ್ಸೆಗೆ ಮಾತ್ರ ದುಡ್ಡು ಕೊಡುತ್ತವೆ. ಸ್ಕೀಯಿಂಗ್‌ನಲ್ಲಿ ಮೊದಲು ಹೋಗುವುದು ಮೊಣಕಾಲಿನ ಲಿಗಮೆಂಟ್. ಶಸ್ತ್ರಚಿಕಿತ್ಸೆ ಆದರೆ ತಿಂಗಳುಗಟ್ಟಲೆ ಫಿಸಿಯೋಥೆರಪಿ. ಅದನ್ನು ಯಾರು ಕಟ್ಟುತ್ತಾರೆ? ಕಾಲೇಜಿನ ವಿದ್ಯಾರ್ಥಿ ವಿಮೆಯ ಪ್ರೀಮಿಯಮ್ಮನ್ನೂ ನನ್ನ ಲೆಕ್ಕಕ್ಕೆ ಸೇರಿಸಿದ್ದೇನೆ. ಸೇರಿಸಿದ ಮೇಲೂ ರೆನೊ ನಮ್ಮ ಕೈಗೆಟುಕುತ್ತದೆ.

ಇತಿ,
ನಿಮ್ಮ ಓದುಗರಲ್ಲೊಬ್ಬಳು
ಫ್ರೀಮಾಂಟ್, ಕ್ಯಾಲಿಫೋರ್ನಿಯಾ